ಗೋಡೆಯ ಮೇಲೆ ನೆಟ್ಟಗೆ ನಿಂತವನು

"ಈ ತೂತು ಮುಚ್ಚಿದ್ದು ಯಾರು?!"

ಗವ್ವೆನ್ನುವ ಕತ್ತಲೆಯಲ್ಲಿ ಅವಳ ಮಾತು ಗುಡುಗಿತು.

"ನಾನೇ. ಬೆಳಕು ಸೋರ್ತಿತ್ತು, ಟೇಪ್ ಹಚ್ಚಿದೆ."

ಅಯ್ಯೋ... ಅದೇ ಧ್ವನಿ! ಕೋಣೆಯನ್ನು ಕತ್ತಲಾಗಿಸಲು ಒಪ್ಪಿದ್ದ ಬಡಗಿ. ಇಷ್ಟು ದಿನ ಫೋನಿನಲ್ಲೇ ಅವಳನ್ನು ನಗಿಸಿದವನು. ಎದುರುಬದುರಾದದ್ದು ಇದೇ ಮೊದಲು!

"ಆ ತೂತೇ ನನ್ನ ಕ್ಯಾಮೆರಾದ ಕಣ್ಣು ಕಣ್ರೀ! ಈ ಕೋಣೆಯೇ ಕ್ಯಾಮೆರಾ!"

ಛಾಯಾಚಿತ್ರಗಳಿಂದ ಹೆಸರು ಮಾಡಿದ್ದ ಅವಳು ಮೊದಲ ಸಲ ಒಂದು ಜಾಗವನ್ನೇ ಕಲಾಕೃತಿಯಾಗಿಸಿದ್ದಳು. ಇದು ಮೆಚ್ಚುಗೆಯಾದರೆ ದೊಡ್ಡ ಕಲಾಭವನದ ಇಡೀ ಮಹಡಿ ಅವಳ ಪ್ರದರ್ಶನಕ್ಕೆ. ಅಲ್ಲಿನ ನಿರ್ದೇಶಕಿ ಆಗಲೇ ಬಂದು ಬರಿಗೋಡೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ, ಸ್ಟೂಲಿನ ಮೇಲೆ, ಅವಳ ಅಜ್ಜಿ.

"'ಖಾಲಿ ಕೋಣೆ ತೋರಿಸೋದೂ ಕಲೆನಾ' ಅಂತ ಫೋನಲ್ಲಿ ರೇಗಿಸಿದ್ರಲ್ಲ... ಬೇಕಂತಲೇ ಮಾಡಿದ್ರಿ! ಹೊರಗೆ ಹೋಗಿ."

"ಇಲ್ಲ ರೀ, ನಾನು..."

ಅವಳು ಟೇಪು ಕಿತ್ತಳು. ಎದುರು ಗೋಡೆಯ ಮೇಲೆ ಹೊರಗಿನ ಬೀದಿ ತಲೆಕೆಳಗಾಗಿ ಅರಳಿತು! ಮರಗಳು ಮೇಲಿನಿಂದ ಇಳಿಬಿದ್ದವು, ಬಸ್ಸುಗಳು ಚಕ್ರ ಮೇಲೆ ಮಾಡಿಕೊಂಡು ಓಡಿದವು. ಆ ಬೆಳಕಿನಲ್ಲೇ ಅವನ ಮುಖವೂ ಕಂಡಿತು. ಬಾಯಿ ತೆರೆದು ನೋಡಿದವನು ಟೇಪಿನ ಸುರುಳಿ ಎತ್ತಿಕೊಂಡು ಹೊರಟುಹೋದ.

"ಮಹಡಿ ನಿಮ್ಮದೇ," ಎಂದರು ನಿರ್ದೇಶಕಿ. "ಆದ್ರೆ ಇಂಥ ಕತ್ತಲು ಹೇಗೆ ಸಿಕ್ತು? ಎಲೆಯ ಅಂಚೂ ಕಾಣ್ತಿದೆ!"

ಅವಳು ಸುತ್ತ ಕಣ್ಣಾಡಿಸಿದಳು. ಬಾಗಿಲ ಸಂದಿ, ಕಿಟಕಿಯ ಚೌಕಟ್ಟು, ಹಳೆಯ ಮೊಳೆಯ ಗುರುತು... ಎಲ್ಲೆಲ್ಲೂ ಅವನ ಟೇಪು! ಕೂದಲೆಳೆಯಷ್ಟು ಬೆಳಕನ್ನೂ ಹುಡುಕಿ ಮುಚ್ಚಿದ್ದ. ತೂತು ಕೊರೆದದ್ದನ್ನು ಅವಳು ಅವನಿಗೆ ಹೇಳಿಯೇ ಇರಲಿಲ್ಲ.

'ಎಂಥಾ ಮಾತಾಡಿಬಿಟ್ಟೆ...'

"ಏ ಕೂಸೇ," ಅಜ್ಜಿ ಗೋಡೆಯತ್ತ ಬೆರಳು ತೋರಿದರು. "ಬೀದಿಯೆಲ್ಲ ತಲೆಕೆಳಗು. ಅಲ್ಲೊಬ್ಬ ಮಾತ್ರ ನೆಟ್ಟಗೆ ನಿಂತಿದ್ದಾನಲ್ಲೇ!"

ಅವಳು ಓಡಿದಳು.

ಎದುರಿನ ಫುಟ್‌ಪಾತಿನಲ್ಲಿ ಅವನು ಅಂಗೈಗಳ ಮೇಲೆ ನಿಂತಿದ್ದ, ಕಾಲು ಆಕಾಶಕ್ಕೆ, ಮುಖ ಕೆಂಪಗೆ!

"ಇಳೀರಿ! ಬಿದ್ದೀರಿ!"

"ನಿಮ್ಮ ಗೋಡೇಲಾದ್ರೂ ಸರಿಯಾಗಿ ಕಾಣೋಣ ಅಂತ... ಕ್ಷಮಿಸಿದೆ ಅನ್ನಿ, ಇಳೀತೀನಿ."

"ಕ್ಷಮೆ ಕೇಳಬೇಕಾದವಳು ನಾನು ರೀ..."

ಅವನು ದೊಪ್ಪನೆ ಇಳಿದ. ಅವಳು ಅವನ ಧೂಳುಗೈ ಹಿಡಿದಳು.

"ಒಂದು ಮಹಡಿ ಪೂರ್ತಿ ಕತ್ತಲು ಬೇಕು. ಮಾಡಿಕೊಡ್ತೀರಾ?"

"ತೂತು ಎಲ್ಲಿ ಅಂತ ಮೊದಲೇ ಹೇಳೋದಾದ್ರೆ!"

"ಹೇಳ್ತೀನಿ. ಇನ್ನೊಂದನ್ನ ಈಗಲೇ ಹೇಳಿಬಿಡ್ತೀನಿ... ಫೋನಿಟ್ಟ ಮೇಲೂ ನಿಮ್ಮ ಧ್ವನಿ ಕೇಳ್ತಾನೇ ಇರುತ್ತೆ ನಂಗೆ. ನೀವಂದ್ರೆ ಇಷ್ಟ!"

"ನಂಗೂ..." ಎಂದವನು ಥಟ್ಟನೆ ಬೆಚ್ಚಿದ. "ಅಯ್ಯೋ, ಒಳಗೆ ಅಜ್ಜಿ ಗೋಡೆ ಮೇಲೆ ನಮ್ಮನ್ನೇ ನೋಡ್ತಿರ್ತಾರೆ!"

ಅವಳು ಕೈ ಬಿಡಲಿಲ್ಲ.

"ನೋಡಲಿ ಬಿಡಿ... ತಲೆಕೆಳಗಾಗಿ ತಾನೇ!"