ಪ್ಲಾಸ್ಟರ್ ಮೇಲಿನ ತಾರೀಕು

"ಏನಾಯ್ತೋ ನಿನ್ನ ಕೈಗೆ!"

ಕಾಫಿ ತಂದ ಕಾತ್ಯಾಯಿನಿಯವರು ಮಹಡಿಯ ಬಾಗಿಲಲ್ಲೇ ಕಿರುಚಿದರು. ಜಯನಗರದ ಆ ಮನೆಯಲ್ಲಿ ಅವರ ಒಬ್ಬನೇ ಮಗ ಸುಶ್ರುತ, ಎಡಗೈಗೆ ಮೊಣಕೈವರೆಗೂ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಹಾಯಾಗಿ ನಗುತ್ತಿದ್ದ. ಆ ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕೂತಿದ್ದವಳು ಶೈಲಶ್ರೀ. ಎಂಬಿಬಿಎಸ್‌ನಲ್ಲಿ ಅವನ ಕ್ಲಾಸ್‌ಮೇಟ್. ಬಾಗಲಕೋಟೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ರೂಮು.

"ಏನೂ ಮುರಿದಿಲ್ಲಮ್ಮ. ಶೈಲಾ ಪ್ರಾಕ್ಟೀಸ್ ಮಾಡ್ತಿದಾಳೆ."

"ನೆಟ್ಟಗಿರೋ ಕೈಗಾ?"

"ಭಾನುವಾರ ಮುರಿದಿರೋ ಕೈ ಎಲ್ಲಿಂದ ತರೋದಮ್ಮ?"

ಕಾತ್ಯಾಯಿನಿ ನಕ್ಕು ಲೋಟ ಇಟ್ಟರು. ಹೋಗುವ ಮುಂಚೆ ಮೆತ್ತಗೆ ಹೇಳಿದರು, "ನಾಳೆ ನೀನು ಹೆರಿಗೆ ವಿಭಾಗ ತಗೊಂಡ್ಬಿಡು ಶೈಲಾ, ಹೆಣ್ಣುಮಕ್ಕಳಿಗೆ ಅದೇ ಸರಿ. ಇವನಿಗೆ ಆರ್ಥೋ ಸಿಗತ್ತೆ. ಆಮೇಲೆ ಇಲ್ಲೇ ಪಕ್ಕದ ಯಡಿಯೂರಲ್ಲಿ ಇಬ್ರೂ ಒಂದೇ ಕ್ಲಿನಿಕ್ ಇಡಬಹುದು."

ಒಂದೇ ಕ್ಲಿನಿಕ್ ಎಂದರೆ ಒಂದೇ ಮನೆ ಎಂದು ಮೂವರಿಗೂ ಗೊತ್ತಿತ್ತು. ಶೈಲಶ್ರೀಯ ಕಿವಿ ಕೆಂಪಾಯಿತು.

ಅದು ೨೦೦೩ರ ಬೇಸಿಗೆ. ಮರುದಿನ ಪಿಜಿ ಕೌನ್ಸೆಲಿಂಗಿನಲ್ಲಿ ಇಬ್ಬರ ಸರದಿ, ರ‍್ಯಾಂಕಿನ ಕ್ರಮದಲ್ಲಿ ಸೀಟು ಆರಿಸಿಕೊಳ್ಳುವುದು. ಅವಳ ರ‍್ಯಾಂಕ್ ಅರವತ್ತೊಂದು, ಅವನದು ಅರವತ್ತೆರಡು, ಉಳಿದಿದ್ದ ಎಂಎಸ್ ಆರ್ಥೋ ಸೀಟು ಒಂದೇ ಒಂದು. ಸುಶ್ರುತನಿಗೆ ಹೈಸ್ಕೂಲಿನಿಂದಲೂ ಮೂಳೆ ಡಾಕ್ಟರಾಗುವ ಹುಚ್ಚು. ಶೈಲಶ್ರೀಗೆ ಅವಳಜ್ಜಿ ಯಲ್ಲವ್ವನದೇ ನೆನಪು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಊರಲ್ಲಿ ಆಪರೇಷನ್ ಮಾಡುವವರಿಲ್ಲದೆ ಮೂರು ವರ್ಷ ಮಂಚ ಬಿಟ್ಟು ಏಳಲೇ ಇಲ್ಲ.

ಅಮ್ಮ ಇಳಿದು ಹೋದರು. ಒದ್ದೆ ಪ್ಲಾಸ್ಟರ್ ಗಟ್ಟಿಯಾಗುತ್ತಾ ಬಿಸಿಯೇರುತ್ತದೆ. ಆ ಬಿಸಿ ಮೆಲ್ಲಗೆ ಅವಳ ಅಂಗೈಗೆ ದಾಟಿತು. ಬೆರಳು ಒತ್ತಿದರೆ ಗುಳಿ ಬೀಳುತ್ತದೆ, ಅಂಗೈಯಲ್ಲೇ ಹಿಡಿಯಬೇಕು. ಇದು ಪ್ಲಾಸ್ಟರಿನ ಮೊದಲ ಪಾಠ.

"ಅಲುಗ್ಯಾಡಬ್ಯಾಡ," ಎಂದಳು.

"ನಾನೆಲ್ಲಿ ಅಲುಗಾಡ್ತಿದೀನಿ? ನೀನೇ ಅಲುಗಾಡ್ತಿರೋದು."

ತಲೆಯೆತ್ತಿದಳು. ಅವನು ಪ್ಲಾಸ್ಟರನ್ನು ನೋಡುತ್ತಿರಲಿಲ್ಲ, ಅವಳ ಹಣೆಗೆ ಬಿದ್ದ ಕೂದಲನ್ನು ನೋಡುತ್ತಿದ್ದ. ಅವಳ ಹೆಬ್ಬೆರಳು ತಾನಾಗಿಯೇ ಒತ್ತಿಹೋಯಿತು.

"ಗುಳಿ ಬಿತ್ತು! ನಾನು ಎಕ್ಸಾಮಿನರ್ ಆಗಿದ್ರೆ ನೀನು ಫೇಲು."

"ನೀ ಹಂಗ ನೋಡಿದ್ರ ಯಾರು ಪಾಸ್ ಆಗ್ತಾರ?"

ಇಬ್ಬರೂ ನಕ್ಕರು. ನಾಳೆ ಏನು ತಗೋತೀಯ ಎಂದು ಅವನು ಕೇಳಲಿ ಎಂದು ಅವಳಿಗೆ ಆಸೆ. ಕೇಳಿಬಿಟ್ಟರೆ ಎಂದು ಭಯ. ಕೊನೆಗೆ ಅವಳೇ ಬಾಯಿಬಿಟ್ಟಳು.

"ನೀ ಏನೂ ಕೇಳಂಗಿಲ್ಲೇನು?"

"ಇಲ್ಲ," ಎಂದ. ಮುಖ ಕಿಟಕಿಯ ಕಡೆಗಿತ್ತು.

ನೀರಲ್ಲಿ ನೆನೆಸಿ ಬಿಚ್ಚುತ್ತೇನೆ ಎಂದಳು. ಬೆಚ್ಚಗಿದೆ, ಇರಲಿ ಬಿಡು ಎಂದ. ಹಾಗಾಗಿ ಸೋಮವಾರ ಕೌನ್ಸೆಲಿಂಗ್ ಹಾಲಿಗೆ ಪ್ಲಾಸ್ಟರ್ ಸಮೇತ ಬಂದ. ಅರ್ಧ ಹಾಲು ಅಯ್ಯೋ ಪಾಪ ಎಂದಿತು.

ಅರವತ್ತೊಂದನ್ನು ಕರೆದರು. ಮೇಜಿನ ಹಿಂದೆ ಕೂತಿದ್ದ ಜಯದೇವಪ್ಪ ಎಂಬ ಹಿರಿಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

"ಆರ್ಥೋನಾ? ಮೂಳೆ ಎಳೆದು ಕೂರ್ಸೋಕೆ ತೋಳಲ್ಲಿ ಬಲ ಬೇಕಮ್ಮ. ಹೆರಿಗೆ ವಿಭಾಗದಲ್ಲಿ ಒಳ್ಳೇ ಸೀಟಿದೆ, ಯೋಚನೆ ಮಾಡಿ."

ಮನೆ, ಕ್ಲಿನಿಕ್, ಕಾತ್ಯಾಯಿನಿಯವರ ಕಾಫಿ, ಎಲ್ಲವೂ ಆ ಒಳ್ಳೇ ಸೀಟಿನ ಜೊತೆಗೇ ಬರುತ್ತಿತ್ತು. ಮಂಚದ ಮೇಲಿನ ಅಜ್ಜಿಯೂ ಕಣ್ಣೆದುರು ಬಂದಳು.

"ಎಂಎಸ್ ಆರ್ಥೋ, ಸಾರ್."

ಬೋರ್ಡಿನಲ್ಲಿ ಆರ್ಥೋ ಮುಂದಿದ್ದ ಒಂದು ಹೋಗಿ ಸೊನ್ನೆಯಾಯಿತು. ಹಿಂತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಸಹಿ ಹಾಕಿದವಳೇ ಹೊರಬಿದ್ದು, ಸಿಕ್ಕ ಬಸ್ಸು ಹಿಡಿದು ಯಡಿಯೂರು ಕೆರೆಗೆ ಬಂದು, ಇಬ್ಬರೂ ಸೇರಿ ಓದುತ್ತಿದ್ದ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು. ಸೀಟಿಗಾಗಿ ಅವಳಿಗೆ ಪಶ್ಚಾತ್ತಾಪವಿರಲಿಲ್ಲ. ಅವಳು ಅತ್ತದ್ದು ಅವನನ್ನು ಕಳೆದುಕೊಂಡೆ ಎಂದು.

ಕೆರೆಯ ನೀರು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತರು. ಅಂಚು ಮಾಸಿದ ಬಿಳಿ ಪ್ಲಾಸ್ಟರ್ ಮೊದಲು ಕಂಡಿತು.

"ನೋವಾಗಿಲ್ಲ ಅಂದ್ರೆ ಸುಳ್ಳಾಗತ್ತೆ," ಎಂದ ಸುಶ್ರುತ. "ನೀನು ಆರ್ಥೋ ಅಂದಾಗ ಎದೆ ಧಸಕ್ ಅಂತು. ಆದ್ರೆ ನನಗೋಸ್ಕರ ಬಿಟ್ಟುಕೊಟ್ಟಿದ್ರೆ ಜೀವನಪೂರ್ತಿ ನಿನ್ನ ಮುಖ ಹೇಗೆ ನೋಡ್ತಿದ್ದೆ? ಅದಕ್ಕೇ ನಿನ್ನೆ ಕೇಳ್ಲಿಲ್ಲ."

"ನೀ ಏನ್ ತಗೊಂಡಿ?"

"ಡಿ.ಆರ್ಥೋ. ಡಿಪ್ಲೊಮಾ, ಎರಡು ವರ್ಷ. ಆಮೇಲೆ ಡಿಎನ್‌ಬಿ ಅಂತ ಇನ್ನೆರಡು ವರ್ಷ, ಅದೂ ಎಂಎಸ್‌ಗೆ ಸಮ. ನಿಂದು ನೇರ ಬಸ್ಸು, ನಂದು ಸ್ವಲ್ಪ ಸುತ್ಕೊಂಡ್ ಬರತ್ತೆ ಅಷ್ಟೆ."

"ಆಂಟಿ ಏನಂದ್ರು?"

"ಬೂತಿಂದ ಫೋನ್ ಮಾಡಿ, ಎಂಎಸ್ ಸೀಟು ನಿಂಗೆ ಹೋಯ್ತು ಅಂದೆ. ಹಾಗಾದ್ರೆ ನನ್ನ ಮಂಡಿನೋವು ಯಾರೋ ನೋಡೋದು ಅಂದ್ರು. ನಿಮ್ಮ ಸೊಸೆನೇ ನೋಡ್ತಾಳೆ ಅಂದೆ."

"ಯಾರಂದಿ?"

ಅವನು ತುಟಿ ಕಚ್ಚಿಕೊಂಡ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಅಮ್ಮನ ಮಂಡಿಯ ನೆಪದಲ್ಲಿ ಜಾರಿಬಿದ್ದಿತ್ತು. ಅವಳ ಒದ್ದೆ ಕಣ್ಣಲ್ಲಿ ನಗು ಬಂತು.

ಮಾತು ತಪ್ಪಿಸಲು ಅವನು ಜೇಬಿನ ಪೆನ್ನು ಚಾಚಿದ. "ಪ್ಲಾಸ್ಟರ್ ಮೇಲೆ ಎರಡು ತಾರೀಕು ಬರೀಬೇಕು ಡಾಕ್ಟರೇ. ಹಾಕಿದ್ದು, ಬಿಚ್ಚೋದು. ನೀವು ಒಂದೂ ಬರ್ದಿಲ್ಲ."

ಹೆಬ್ಬೆರಳಿನ ಗುಳಿಯ ಪಕ್ಕ ಅವಳು ನಿನ್ನೆಯ ತಾರೀಕು ಬರೆದಳು. ಸ್ವಲ್ಪ ಯೋಚಿಸಿ, ಕೆಳಗೆ ಬರೆದಳು: ಮೇ ೨೦೦೬.

"ಮೂರು ವರ್ಷ ಇದನ್ನ ಹೊತ್ಕೊಂಡಿರ್ಬೇಕಾ?"

"ಇದನ್ನ ನಾಳೆನ ಬಿಚ್ತೀನಿ. ಅದು ನನ್ನ ಎಂಎಸ್ ಮುಗಿದು, ನಮ್ಮಪ್ಪ ನಿಮ್ಮ ಮನಿಗೆ ಬರೋ ತಾರೀಕು."

ಸುಶ್ರುತ ಅದನ್ನು ಎರಡೆರಡು ಸಲ ಓದಿಕೊಂಡ. ಮರುದಿನ ಆಸ್ಪತ್ರೆಯಲ್ಲಿ ಅವಳು ಗರಗಸ ಹಿಡಿದಾಗ, ಬರೆದ ಜಾಗಕ್ಕೂ ಗುಳಿಗೂ ತಾಗದಂತೆ ಕೊಯ್ಯಬೇಕೆಂದು ಹಠ ಹಿಡಿದು ಕೂತ.