ಕಾಣೆಯಾದ ಪ್ಲಾಟಿನಂ ಮೂಸೆ

2025ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 8.40.

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕಪಾಟಿನ ಬಾಗಿಲ ಗಾಜು ಒಡೆದಿತ್ತು. ಒಳಗಿದ್ದ ಪ್ಲಾಟಿನಂ ಮೂಸೆ ಇರಲಿಲ್ಲ. ಅದಿರಿನ ಮಾದರಿ ಕಾಯಿಸುವ, ಅಂಗೈಯಲ್ಲಿ ಅಡಗುವ ಆ ಬಟ್ಟಲು ಇಡೀ ವಿಭಾಗದಲ್ಲೇ ಅತ್ಯಂತ ಬೆಲೆಬಾಳುವ ವಸ್ತು.

ವಿಧಿವಿಜ್ಞಾನದ ಮೇಡಂ ಬರುವಷ್ಟರಲ್ಲಿ ಅವರ ವಿದ್ಯಾರ್ಥಿಗಳೇ ಎಲ್ಲ ಕೆಡಿಸಿದ್ದರು. ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾಗಿ ಪಾಠಕ್ಕೆ ಬಂದವರು ಅವರು. ಹಿಂದಿನ ವಾರ ಬೆರಳಚ್ಚಿನ ಪಾಠ ಮಾಡಿದ್ದೇ ತಪ್ಪಾಯಿತು. ಕಪಾಟಿನ ಹಿಡಿಗೆ ಕಪ್ಪು ಪುಡಿ ಮೆತ್ತಿ, ಬ್ರಷ್ಷಿನಿಂದ ತಿಕ್ಕಿ, ಇದ್ದ ಗುರುತನ್ನೂ ಅಳಿಸಿದ್ದರು. ‘ಗಡಿಬಿಡಿ’ ಎಂದೇ ಎಲ್ಲರೂ ಕರೆಯುವ ಹುಡುಗಿ ಚೂರುಗಳನ್ನೆಲ್ಲ ಆರಿಸಿ ಪೊಟ್ಟಣ ಕಟ್ಟಿದ್ದಳು.

“ಯಾವ ಚೂರು ಎಲ್ಲಿ ಸಿಕ್ತು ಅಂತ ಬರೆದ್ಯಾ?”

“ನಂಬರ್ ಹಾಕಿದ್ದೀನಲ್ಲ ಮೇಡಂ.”

“ಚೆನ್ನಾಗಿದೆ. ಲಾಟರಿ ಎತ್ತೋಣ.”

ಪ್ರಾಂಶುಪಾಲರ ತನಿಖೆ ಆಗಲೇ ಮುಗಿದಿತ್ತು. ಕಪಾಟಿನ ಒಂದೇ ಕೀಲಿ ವಿಭಾಗದ ಮುಖ್ಯಸ್ಥರ ಬಳಿ ಇತ್ತು. ಕೀಲಿ ಇಲ್ಲದವರು ತಾನೇ ಗಾಜು ಒಡೆಯಬೇಕು? ಅಟೆಂಡರ್ ಅಕ್ಕನ ಬೆರಳಿನಲ್ಲಿ ಗಾಯವೂ ಇತ್ತು. ಪರೀಕ್ಷಾನಳಿಕೆ ತೊಳೆಯುವಾಗ ಆದದ್ದು ಎಂದರೆ ಯಾರೂ ನಂಬಲಿಲ್ಲ. ಮಧ್ಯಾಹ್ನ ಪೊಲೀಸರನ್ನು ಕರೆಸುವುದೆಂದು ತೀರ್ಮಾನವಾಗಿತ್ತು.

ಅಕ್ಕ ಮೇಡಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಕೆಲಸ ಹೋದ್ರೆ ಹೋಗ್ಲಿ ಮೇಡಂ. ನಿಮ್ಮಮ್ಮ ಕಳ್ಳಿ ಅಂತ ನನ್ನ ಮಗಳು ಕೇಳಿಸ್ಕೋಬಾರ್ದು.”

* * *

ಒಂದು ಚೂರಿನ ಮೇಲೆ ಕಂದು ಕಲೆ ಕಂಡಿತು. ರಕ್ತವೆಂದು ತರಗತಿಯೆಲ್ಲ ಮುಗಿಬಿದ್ದಿತು. ಮೇಡಂ ಅದರ ಮೇಲೆ ಒಂದು ಹನಿ ಥಯೋಸಲ್ಫೇಟ್ ಹಾಕಿದರು. ಕಲೆ ಮಾಯವಾಯಿತು. ರಕ್ತವಾಗಿದ್ದರೆ ಹೋಗುತ್ತಿರಲಿಲ್ಲ; ಬರೀ ಅಯೋಡಿನ್. ಅರ್ಧ ಗಂಟೆ ನೀರಿನಲ್ಲಿ ಹೋಮ.

ಸಿಟ್ಟು ನುಂಗಿಕೊಂಡು ಅವರು ಚೂರುಗಳನ್ನು ಜೋಡಿಸತೊಡಗಿದರು. ಪೆಟ್ಟು ಬಿದ್ದ ಜಾಗದಿಂದ ಬಿರುಕುಗಳು ಕಿರಣಗಳಂತೆ ಹರಡಿದ್ದವು. ಅಂಥ ಬಿರುಕಿನ ಅಂಚಿನಲ್ಲಿ ಬಾಗಿದ ಸಣ್ಣ ಗೆರೆಗಳಿರುತ್ತವೆ. ಪೆಟ್ಟು ಬಿದ್ದ ಮುಖದ ಹಿಂಬದಿಗೆ ಅವು ನೆಟ್ಟಗೆ, ಲಂಬಕೋನದಲ್ಲಿ ತಾಗುತ್ತವೆ.

ಹೊರಮುಖ ಯಾವುದೆಂಬ ಗೊಂದಲವಿರಲಿಲ್ಲ. ‘ಮುಟ್ಟಬೇಡಿ’ ಎಂಬ ಚೀಟಿ ಅದಕ್ಕಿನ್ನೂ ಅಂಟಿಕೊಂಡಿತ್ತು. ಮೇಡಂ ಭೂತಗನ್ನಡಿಯನ್ನು ಗಡಿಬಿಡಿಯ ಕೈಗೆ ಕೊಟ್ಟರು.

“ಗೆರೆ ನೆಟ್ಟಗೆ ತಾಗಿರೋದು ಯಾವ ಕಡೆ?”

“ಚೀಟಿ ಕಡೆ.” ಆಮೇಲೆ ಅವಳ ಹುಬ್ಬು ಗಂಟಾಯಿತು. “ಹಾಗಾದ್ರೆ ಪೆಟ್ಟು ಬಿದ್ದಿದ್ದು ಒಳಗಿಂದ. ಒಳಗೆ ಯಾರಿದ್ರು ಮೇಡಂ, ಇಲಿನಾ?”

* * *

ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಪ್ರಾಂಶುಪಾಲರ ಎದುರಿಗೆ ಮೇಡಂ ಮಾತು ಬೆಳೆಸಲಿಲ್ಲ. ಗಾಜು ಒಡೆದಾಗ ಕಪಾಟಿನ ಬಾಗಿಲು ತೆರೆದೇ ಇತ್ತು, ಅಂದರೆ ಕೀಲಿ ಇದ್ದವರೇ ಒಡೆದಿದ್ದಾರೆ ಎಂದರು. ಪ್ರಯೋಗಾಲಯದ ಹೊಗೆ ಹೊರಹಾಕುವ ಗೂಡಿನಲ್ಲಿ, ಬರ್ನರಿನ ಕೆಳಗೆ ತಮಗೆ ಸಿಕ್ಕ ಬೂದು ಮಣಿಯನ್ನು ಬಿಳಿ ಹಾಳೆಯ ಮೇಲೆ ಗೀಚಿದರು. ಪೆನ್ಸಿಲಿನಂತೆ ಗೆರೆ ಬಿತ್ತು. ಸೀಸ.

ಮೇಡಂ ಹಾಳೆಯನ್ನು ಮುಖ್ಯಸ್ಥರ ಮುಂದೆ ಸರಿಸಿದರು.

“ಸರ್, ಪ್ಲಾಟಿನಂ ಮೂಸೆಗೆ ಸೀಸದ ಅದಿರು ಹಾಕಿದ್ರಾ?”

“ಮಾದರಿ ಅದಲುಬದಲಾಯ್ತು.” ಅವರ ದನಿ ಸೋತಿತ್ತು. ಕಾಯಿಸಿದಾಗ ಸೀಸ ಕರಗಿ ಪ್ಲಾಟಿನಂ ಜೊತೆ ಬೆರೆತು ತಳವನ್ನೇ ತಿಂದುಹಾಕಿತ್ತು. ಮೊದಲ ವರ್ಷದ ಹುಡುಗರಿಗೆ ತಾವೇ ಬೋಧಿಸುವ ಎಚ್ಚರಿಕೆ ಅದು. ಮರುದಿನ ಸಾಮಾನುಗಳ ತಪಾಸಣೆ ಇತ್ತು. ಮರ್ಯಾದೆಗೆ ಹೆದರಿ ಕಳ್ಳತನ ಹೂಡಿದ್ದರು.

“ಬಾಗಿಲು ತೆರೆದು ಹಿಂದಿಂದ ಹೊಡೆದಿದ್ದು ಯಾಕೆ?”

“ಮುಂದಿಂದ ಹೊಡೆದ್ರೆ ಚೂರೆಲ್ಲ ಒಳಗಿನ ಫ್ಲಾಸ್ಕುಗಳ ಮೇಲೆ ಬೀಳ್ತಿತ್ತು.”

ಫ್ಲಾಸ್ಕಿಗೆ ಗೀರು ಬೀಳದಂತೆ ನೋಡಿಕೊಂಡ ಮನುಷ್ಯ ಬೆಳಗಿನಿಂದ ಅಕ್ಕನ ಕಡೆಗೊಮ್ಮೆ ತಲೆಯೆತ್ತಿಯೂ ನೋಡಿರಲಿಲ್ಲ. ಪ್ರಾಂಶುಪಾಲರು ಅವಳಿಗೆ ಏನೋ ಸಮಾಧಾನ ಹೇಳಹೊರಟರು. ಅವಳು ಕೇಳಲು ನಿಲ್ಲದೆ ಹೊರಟುಹೋದಳು. ಮೇಡಂ ತಡೆಯಲಿಲ್ಲ.

ಮುಖ್ಯಸ್ಥರು ತಮ್ಮ ಮೇಜಿನ ಡ್ರಾಯರಿನಿಂದ ಮೂಸೆ ತೆಗೆದಿಟ್ಟರು. ಗಡಿಬಿಡಿ ಗ್ಲೌಸ್ ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದಳು. ವರ್ನಿಯರ್ ಅಳತೆಪಟ್ಟಿ ಇಟ್ಟು, ಎರಡು ಸಲ ಓದಿ, ಬರೆದುಕೊಂಡಳು.

ತಳದಲ್ಲಿ ಒಂದು ತೂತು. ವ್ಯಾಸ 3.4 ಮಿಲಿಮೀಟರ್.