ಸಿಂಧಘಟ್ಟದ ಬೆಟ್ಟಮ್ಮ ಬದುಕಿರುವ ಬಗ್ಗೆ

2025ರ ಜನವರಿ 9, ಗುರುವಾರ ಬೆಳಿಗ್ಗೆ ಕೆ.ಆರ್.ಪೇಟೆ ಗ್ರಾಮಾಂತರ ಠಾಣೆಗೆ ನಾಗಮಂಗಲದಿಂದ ಪ್ರಮೀಳಾ ಎಂಬ ಹೆಂಗಸು ಬಂದು ಕೊಟ್ಟ ದೂರು ಕೇಳುವುದಕ್ಕೇ ವಿಚಿತ್ರವಾಗಿತ್ತು. ಅವಳ ತಾಯಿ ಬೆಟ್ಟಮ್ಮ ಚೆನ್ನಾಗಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಐದು ತಿಂಗಳಿಂದ ತಾಯಿಯ ಮುಖ ಅವಳೊಬ್ಬಳಿಗೆ ಮಾತ್ರ ಕಂಡಿರಲಿಲ್ಲ.

ಇನ್ಸ್‌ಪೆಕ್ಟರ್ ಅಶೋಕ್ ಮೊದಲು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅಣ್ಣ ತಂಗಿ ಠಾಣೆ ಮೆಟ್ಟಿಲು ಹತ್ತಿದರೆ ಹಿಂದೆ ಒಂದು ಗದ್ದೆಯೋ ಒಂದು ಸೈಟೋ ಇದ್ದೇ ಇರುತ್ತದೆ ಎನ್ನುವುದು ಅವರ ಅನುಭವ.

"ತವರು ಯಾವೂರಮ್ಮ?"

"ಸಿಂಧಘಟ್ಟ ಸಾ. ನಮ್ಮಪ್ಪ ಮಿಲ್ಟ್ರಿ ಜವರಯ್ಯ ಅಂತ. ಅವಲ್ದಾರ್ ಆಗಿದ್ರು. ತೀರ್ಕೊಂಡು ಆರು ವರ್ಸ ಆಯ್ತು. ಅವ್ವಂಗೆ ಅಪ್ಪನ್ ಪೆನ್ಷನ್ ಬತ್ತದೆ. ಅಣ್ಣ ಪುಟ್ಟರಾಜು ಜೊತೆಗವ್ರೆ... ಅವ್ರೆ ಅಂತಾನೆ."

"ಅಂತಾನೆ ಅಂದ್ರೆ?"

"ಸಿಂಧಘಟ್ಟಕ್ಕೋದ್ರೆ, ಅವ್ವ ನಿಮ್ಮತ್ಗೆ ತವರು ತೊಣ್ಣೂರಲ್ಲವ್ರೆ ಅಂತಾನೆ. ತೊಣ್ಣೂರಿಗೋದ್ರೆ ಮೈಸೂರಾಸ್ಪತ್ರೆಗೋಗವ್ರೆ ಅಂತಾರೆ. ಊರೋರ್ನ ಕೇಳುದ್ರೆ, ನಿಮ್ಮವ್ವ ನಾಗಮಂಗಲದಲ್ಲಿ ನಿನ್ ಮನೇಲೇ ಅಲ್ವಾ ಇರೋದು ಅಂತ ನನ್ನೇ ಕೇಳ್ತಾರೆ."

ಈ ಕೊನೆಯ ಮಾತಿಗೆ ಅಶೋಕ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ಹೆಡ್ ಕಾನ್‌ಸ್ಟೆಬಲ್ ಚಿಕ್ಕಯ್ಯ ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಲ್ಲಿನ ಸುದ್ದಿ ಇನ್ನೊಂದು ಥರ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿರುವುದನ್ನು ತೋರಿಸಬೇಕು. ನವೆಂಬರಿನಲ್ಲಿ ಪುಟ್ಟರಾಜು ಬಂದು, ಅವ್ವನ ಬೆರಳು ಸವೆದು ಮೆಷಿನ್ನಿಗೆ ಹತ್ತುತ್ತಿಲ್ಲ, ಹಾಸಿಗೆ ಹಿಡಿದಿದ್ದಾರೆ, ಮನೆಗೇ ಬನ್ನಿ ಎಂದು ಕೈಮುಗಿದಿದ್ದ. ಬ್ಯಾಂಕಿನವರು ಹೋಗಿ, ಕಂಬಳಿ ಹೊದ್ದು ಮಲಗಿದ್ದ ಅಜ್ಜಿಯನ್ನು ಕಣ್ಣಾರೆ ನೋಡಿ ಸಹಿ ಹಾಕಿ ಬಂದಿದ್ದರು.

ಬ್ಯಾಂಕಿನವರಿಗೆ ಕಂಡ ತಾಯಿ ಹೆತ್ತ ಮಗಳಿಗೆ ಕಂಡಿಲ್ಲ. ಅಶೋಕ್ ಅಂದೇ ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿ, ಪುಟ್ಟರಾಜುವಿಗೆ ಫೋನ್ ಮಾಡಿದರು.

"ಅವ್ವ ಮನೇಲೇ ಅವ್ರೆ ಸಾ," ಎಂದ ಆತ. ದನಿಯಲ್ಲಿ ಅಳುಕಿರಲಿಲ್ಲ. "ನಾಳೀಕ್ ಬನ್ನಿ, ನೋಡ್ಕೊಂಡೋಗಿ. ಆದ್ರೆ ಆ ಪ್ರಮೀಳನ್ನ ಮಾತ್ರ ಕರ್ಕಬರ್ಬ್ಯಾಡಿ. ಅವಳ ಮಕ ಕಂಡ್ರೆ ಅವ್ವಂಗೆ ಬಿಪಿ ಏರ್ತದೆ. ಆಸ್ತಿ ಬೇಕು ಸಾ ಅವ್ಳಿಗೆ, ಅಷ್ಟೆಯ."

ಮರುದಿನ ಹನ್ನೊಂದರ ಹೊತ್ತಿಗೆ ಅಶೋಕ್, ಚಿಕ್ಕಯ್ಯ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸಹನ ಸಿಂಧಘಟ್ಟದ ಆ ಮನೆಯಲ್ಲಿದ್ದರು. ಮಹಡಿ ಮನೆ, ಗ್ರಾನೈಟ್ ನೆಲ. ನಡುಮನೆಯ ಗೋಡೆಯ ಮೇಲೆ ಸಮವಸ್ತ್ರದ ಜವರಯ್ಯ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ಪುಟ್ಟರಾಜು ನಲವತ್ತರ ಆಸುಪಾಸಿನ, ಮೈಕೈ ತುಂಬಿಕೊಂಡ ಆಳು. ಬಂದವರನ್ನು ಕೂರಿಸಿ, ಕಾಫಿ ತರಲು ಹೆಂಡತಿ ರಂಜಿತಳಿಗೆ ಕೂಗಿ ಹೇಳಿ, ಒಳಕೋಣೆಯ ಬಾಗಿಲು ತೆರೆದ.

ಮಂಚದ ಮೇಲೆ ತಲೆಯವರೆಗೂ ಕಂಬಳಿ ಎಳೆದುಕೊಂಡ ಮುದುಕಿ. ಕಂಬಳಿ ಸರಿಸಿದರೆ ಬೋಳು ಹಣೆ, ಬರಿಗೊರಳು, ಬರಿಗೈ. ಪ್ರಮೀಳಾ ಕೊಟ್ಟಿದ್ದ ಇಪ್ಪತ್ತು ವರ್ಷ ಹಿಂದಿನ ಫೋಟೊ ನೋಡಿ ಇವಳೋ ಅಲ್ಲವೋ ಹೇಳುವ ಹಾಗಿರಲಿಲ್ಲ.

"ಹೆಸರೇನಮ್ಮ?"

"ಬೆಟ್ಟಮ್ಮ."

"ಯಜಮಾನರ ಹೆಸರು?"

ಮುದುಕಿ ಗೋಡೆ ಕಡೆ ಮುಖ ತಿರುಗಿಸಿದಳು. ಪುಟ್ಟರಾಜು ನಕ್ಕ. "ಅಳೇ ಕಾಲದೋರು ಸಾ. ಗಂಡನ್ ಎಸ್ರು ಬಾಯ್ಬುಟ್ಟು ಏಳ್ತಾರಾ?"

ಅದೂ ನಿಜವೇ. ಅಶೋಕರ ತಾಯಿಯೂ ಗಂಡನ ಹೆಸರು ಹೇಳದ ಪೈಕಿ. ಇನ್ನೆರಡು ಪ್ರಶ್ನೆಗೂ ಮುದುಕಿ ಊಂ ಎಂದಳು. ಒಡಹುಟ್ಟಿದವರ ಜಗಳಕ್ಕೆ ಪೊಲೀಸರನ್ನು ಎಳೆದಳಲ್ಲ ಎಂದು ಪ್ರಮೀಳಾ ಮೇಲೆ ಸಣ್ಣಗೆ ಸಿಟ್ಟು ಮಾಡಿಕೊಂಡೇ ಅಶೋಕ್ ಎದ್ದು ಹೊರಬಂದರು.

ಸಹನ ಹೊರಬರುವುದು ಸ್ವಲ್ಪ ತಡವಾಯಿತು. ಜೀಪಿನ ಹತ್ತಿರ ಬಂದವಳೇ ದನಿ ತಗ್ಗಿಸಿದಳು.

"ಸರ್, ಅಜ್ಜಿ ಕಾಲ ಹತ್ರ ಕಂಬಳಿ ಜಾರಿತ್ತು. ಹೊದಿಸೋಣ ಅಂತ ಬಗ್ಗಿದೆ. ಎರಡೂ ಕಾಲಲ್ಲೂ ಕಾಲುಂಗುರ ಇದೆ."

ಅಶೋಕ್ ಅವಳ ಮುಖವನ್ನೇ ನೋಡಿದರು. ಗಂಡ ಸತ್ತು ಆರು ವರ್ಷವಾದ ಹೆಂಗಸಿನ ಕಾಲಲ್ಲಿ ಈ ಸೀಮೆಯಲ್ಲಿ ಕಾಲುಂಗುರ ಉಳಿಯುವುದಿಲ್ಲ. ಉಳಿಸಿಕೊಳ್ಳುತ್ತೇನೆಂದರೂ ನೆಂಟರು ಬಿಡುವುದಿಲ್ಲ. ಅದು ಸರಿಯೋ ತಪ್ಪೋ, ಬೇರೆ ಮಾತು.

ಮೂವರೂ ವಾಪಸ್ ಒಳಗೆ ಹೋದರು. ಚಿಕ್ಕಯ್ಯ ಬಾಗಿಲಿಗೆ ಅಡ್ಡ ನಿಂತರು. ಸಹನ ದಿಂಬು ಎತ್ತಿದಳು. ಅದರಡಿ ಒಂದು ಟವೆಲ್ಲಿನಲ್ಲಿ ಸುತ್ತಿಟ್ಟ ತಾಳಿಸರ, ಎರಡು ಡಜನ್ ಹಸಿರು ಗಾಜಿನ ಬಳೆ.

"ಯಾರಮ್ಮ ನೀನು?"

ಮುದುಕಿ ಎದ್ದು ಕೂತು ಮೊದಲು ತಾಳಿಗೆ ಕೈ ಚಾಚಿದಳು.

"ತೊಣ್ಣೂರಿನ ಸಣ್ಣತಾಯಮ್ಮ ಕಣಪ್ಪ. ಈ ರಂಜಿತ ನನ್ ಮಗಳು. ಅದನ್ನ ಕೊಟ್ಬುಡವ್ವ, ನಮ್ಮನೇರು ಗುಂಡ್ಕಲ್ಲಂಗವ್ರೆ."

"ಮತ್ತೆ ಬಿಚ್ಚಿದ್ದು ಯಾಕೆ?" ಸಹನ ತಾಳಿಯನ್ನು ಅವಳ ಕೈಗಿಡುತ್ತ ಕೇಳಿದಳು.

"ಬೀಗಿತ್ತಿ ಆಸ್ಪತ್ರೆಲವ್ರೆ, ಬ್ಯಾಂಕ್ನೋರು ಬಂದಾಗ ಒಂದ್ ಗಳ್ಗೆ ಮನಿಕ್ಕೊಂಡ್ರೆ ಸಾಕು ಅಂದ್ರು. ನಿನ್ನೆ ಪುನಾ ಕಾರ್ ಕಳುಸ್ದ ಅಳಿಯ. ಕುಂಕ್ಮ ಒರ್ಸು ಅಂದ, ಒರುಸ್ದೆ. ಬಳೆ ಬಿಚ್ಚು ಅಂದ, ಬಿಚ್ದೆ. ಕಾಲುಂಗ್ರ ಮಾತ್ರ ಜಪ್ಪಯ್ಯ ಅಂದ್ರೂ ಬಿಚ್ಚಾಕಿಲ್ಲ ಅಂದೆ. ಕಂಬ್ಳಿ ಒಳ್ಗೆ ಯಾವನ್ ನೋಡ್ತಾನೆ ಬುಡು ಅಂದ."

"ಬೀಗಿತ್ತಿ ಯಾವ ಆಸ್ಪತ್ರೆಲಿದ್ದಾರೆ?"

ಸಣ್ಣತಾಯಮ್ಮ ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು. ಮುದುಕಿಗೆ ಆಗ ಅರ್ಥವಾಗಿರಬೇಕು, ಕೈಲಿದ್ದ ತಾಳಿಯನ್ನು ಎದೆಗೊತ್ತಿಕೊಂಡು, "ಅಯ್ಯೋ ಪಾಪಿಗಳಾ" ಎಂದು ಅಳಲು ಶುರುಮಾಡಿದಳು.

ಅಶೋಕರಿಗೆ ಹೇಸಿಗೆಯಾಯಿತು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಕೊಲೆ ನೋಡಿದ್ದರು, ಕೊಳೆತದ್ದನ್ನೂ ನೋಡಿದ್ದರು. ಗಂಡ ಬದುಕಿರುವ ಹೆಂಗಸಿನ ಕುಂಕುಮ ಅಳಿಸಿ ಬಾಡಿಗೆ ವಿಧವೆ ಮಾಡಿದ ಅಳಿಯನನ್ನು, ಅದಕ್ಕೆ ಕಾಫಿ ಕಾಸಿ ಕೊಟ್ಟ ಮಗಳನ್ನು ನೋಡಿರಲಿಲ್ಲ. ಪಂಚರ ಎದುರು ಮಹಜರು ಬರೆಸಿ, ತಾಳಿಯ ಫೋಟೊ ಮಾತ್ರ ತೆಗೆಸಿ, ಅದನ್ನು ಸಣ್ಣತಾಯಮ್ಮನಿಗೇ ಬಿಟ್ಟುಕೊಟ್ಟರು. ಗಂಡ ಹೆಂಡತಿಯನ್ನು ಜೀಪಿಗೆ ಹತ್ತಿಸಿದರು. ಮೇಜಿನ ಮೇಲಿನ ಕಾಫಿಯನ್ನು ಯಾರೂ ಮುಟ್ಟಲಿಲ್ಲ.

ಠಾಣೆಯಲ್ಲಿ ಪುಟ್ಟರಾಜುವಿನ ಮೊದಲ ಉತ್ತರ, ಅವ್ವ ಯಾರಿಗೂ ಹೇಳದೆ ಮನೆ ಬಿಟ್ಟು ಹೋದರು ಎಂದು.

"ಹೋದ ಮೇಲೆ ಕಂಪ್ಲೇಂಟ್ ಯಾಕೆ ಕೊಡಲಿಲ್ಲ?"

"ಮರ್ವಾದೆ ಸಾ."

"ಅತ್ತೇನ ತಂದು ಮಲಗಿಸಿದಾಗ ಎಲ್ಲಿತ್ಲಾ ಮರ್ಯಾದೆ?"

ಚಿಕ್ಕಯ್ಯ ತಾಯಿ ಮಗ ಇಬ್ಬರ ಫೋನುಗಳ ವಿವರ ತರಿಸಿದರು. ಬೆಟ್ಟಮ್ಮನ ಫೋನ್ ಕೊನೆಯದಾಗಿ ಕೆಲಸ ಮಾಡಿದ್ದು 2024ರ ಆಗಸ್ಟ್ 11ರ ಭಾನುವಾರ, ಶ್ರೀರಂಗಪಟ್ಟಣದಲ್ಲಿ. ಆ ದಿನ ಪುಟ್ಟರಾಜುವಿನ ಫೋನೂ ಅಲ್ಲೇ ಇತ್ತು. ಚಿಕ್ಕಯ್ಯ ಆ ಕಡೆಯ ಠಾಣೆಗಳಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತ ಹೋದರು, ಆಗಸ್ಟ್ ಎರಡನೇ ವಾರ ಗುರುತು ಸಿಗದ ಮುದುಕಿಯ ಹೆಣವೇನಾದರೂ ಸಿಕ್ಕಿತ್ತೇ ಎಂದು.

ಸಿಕ್ಕಿತ್ತು. ಆಗಸ್ಟ್ 13ರಂದು ಕಾವೇರಿಯ ಕಲ್ಲುಬಂಡೆಗಳ ನಡುವೆ. ಸುಮಾರು ಎಪ್ಪತ್ತರ ಅಪರಿಚಿತ ಮಹಿಳೆ, ಬಲ ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ. ಮರಣೋತ್ತರ ಪರೀಕ್ಷೆ ಮಾಡಿಸಿ, ವಾರಸುದಾರರಿಗಾಗಿ ಕಾದು, ಡಿಎನ್‌ಎಗೆ ಬೇಕಾದ್ದನ್ನು ತೆಗೆದಿಟ್ಟು ಪೊಲೀಸರೇ ಮಣ್ಣು ಮಾಡಿದ್ದರು. ಕಾಣೆಯಾಗಿದ್ದಾರೆಂದು ಯಾರೂ ಹೇಳದ ಹೆಂಗಸನ್ನು ಅವರಾದರೂ ಎಲ್ಲಿ ಹುಡುಕಬೇಕಿತ್ತು?

ಸಂಜೆ ಪ್ರಮೀಳಾಳನ್ನು ಕರೆಸಿದರು. ಮುಖದ ಫೋಟೊ ತೋರಿಸುವ ಹಾಗಿರಲಿಲ್ಲ. ಸಹನ ಕೈಯ ಫೋಟೊ ಮಾತ್ರ ಮುಂದಿಟ್ಟಳು. ಪ್ರಮೀಳಾ ಹಚ್ಚೆಯ ಮೇಲೆ ಬೆರಳಿಟ್ಟಳು.

"ಅವ್ವನ್ ಕೈಯೇಯ," ಎಂದಳು. "ಕಿವೀಲಿ ವಾಲೆ ಇತ್ತಾ ಸಾ? ಅಪ್ಪ ಮೊದಲ್ನೇ ರಜಕ್ ಬಂದಾಗ ಮಾಡ್ಸಿದ್ದು. ಮೂರ್ ಕೆಂಪು ಕಲ್ಲು. ಅವ್ವ ಯಾವತ್ತೂ ಬಿಚ್ತಿರ್ಲಿಲ್ಲ."

ಓಲೆ ಇರಲಿಲ್ಲ. ಸಹನ ರಂಜಿತಳನ್ನು ಕೂರಿಸಿದ್ದ ಪಕ್ಕದ ಕೋಣೆಗೆ ಹೋದಳು. ವಾಪಸ್ ಬಂದಾಗ ಅವಳ ಅಂಗೈಯಲ್ಲಿ ಒಂದು ಜೊತೆ ಓಲೆ ಇತ್ತು. ಮೂರು ಕೆಂಪು ಕಲ್ಲಿನದು. ಅಷ್ಟು ಹೊತ್ತೂ ಅದು ಸೊಸೆಯ ಕಿವಿಯಲ್ಲೇ ನೇತಾಡುತ್ತಿತ್ತು.

ಪ್ರಮೀಳಾ ಅದನ್ನು ಮುಟ್ಟಲಿಲ್ಲ. "ನಮ್ಮವ್ವನ್ನ ಅಪ್ಪನ್ ಪಕ್ಕ ಮಲಗ್ಸಬೇಕು ಸಾ. ನಂಗ್ ಇನ್ನೇನೂ ಬ್ಯಾಡ," ಎಂದಳು.

ಓಲೆ ಸಿಕ್ಕ ಮೇಲೆ ರಂಜಿತ ಬಾಯಿ ಬಿಟ್ಟಳು. ಹೆಂಡತಿ ಹೇಳಿದಳೆಂದು ಗೊತ್ತಾದಾಗ ಪುಟ್ಟರಾಜುವೂ ಸ್ವ ಇಚ್ಛಾ ಹೇಳಿಕೆ ಕೊಟ್ಟ. ಸಹನ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು.

ಆ ಭಾನುವಾರ ಬೆಟ್ಟಮ್ಮನಿಗೆ ಎದೆನೋವು ಬಂದಿತ್ತು. ಗಂಡ ಹೆಂಡತಿ ಕಾರಿನಲ್ಲಿ ಮೈಸೂರಿಗೆಂದೇ ಹೊರಟಿದ್ದರು. ಪಾಂಡವಪುರ ದಾಟುವಷ್ಟರಲ್ಲಿ ಮುದುಕಿ ಪಕ್ಕಕ್ಕೆ ವಾಲಿದಳು. ಮಾತಾಡಿಸಿದರೆ ಮಾತಿಲ್ಲ.

"ಮುಂದೆ ಶ್ರೀರಂಗಪಟ್ಟಣದಲ್ಲಿ ಆಸ್ಪತ್ರೆ ಇತ್ತಲ್ಲ?"

"ಪ್ರಾಣ ಓಗ್ಬುಟ್ಟಿತ್ತು ಸಾ. ಡಾಕ್ಟ್ರಿಗೆ ತೋರ್ಸುದ್ರೆ ಸತ್ತೋಗವ್ರೆ ಅಂತ ಬರ್ದ್ಬುಡ್ತಾರೆ. ಬರುದ್ರೆ ಪೆನ್ಷನ್ ನಿಂತೋಯ್ತದೆ. ಕತ್ಲಾಗೋವರ್ಗೂ ಕಾರಲ್ಲೇ ಕಾಯ್ಕಂಡಿದ್ದು, ಒಳೆಗ್ ಬುಟ್ಬುಟ್ವಿ."

"ಓಲೆ ಬಿಚ್ಚಿದ್ದು ಯಾವಾಗ?"

"ಕಾರಲ್ಲೇಯ. ಇವಳು ಬಿಚ್ಚುದ್ಲು."

"ಸಾಲ ಇತ್ತೇನೋ? ಗದ್ದೆ ಕೈಬಿಟ್ಟಿತ್ತೇ?"

"ಇಲ್ಲ ಸಾ. ಗದ್ದೆ ಗುತ್ತಿಗೆಗ್ ಕೊಟ್ಟಿವ್ನಿ."

"ಮತ್ತೆ?"

ಪುಟ್ಟರಾಜು ಮೊದಲ ಸಲ ತಲೆ ತಗ್ಗಿಸಿದ. ಅಪ್ಪ ದುಡಿದದ್ದರಲ್ಲಿ ಬೆಳೆದವನು, ಅಪ್ಪನ ಪಿಂಚಣಿಯಲ್ಲಿ ಮದುವೆಯಾದವನು, ಅಪ್ಪ ಹೋದ ಮೇಲೆ ಅವ್ವನ ಪಿಂಚಣಿಯಲ್ಲಿ ಉಂಡವನು. ಒಂದು ದಿನ ಒಬ್ಬರ ಕೈಕೆಳಗೆ ದುಡಿದವನಲ್ಲ. ಅವ್ವನ ಮಿಲ್ಟ್ರಿ ಕ್ಯಾಂಟೀನ್ ಕಾರ್ಡಿಗೆ ತಿಂಗಳು ತಿಂಗಳು ಸಿಗುತ್ತಿದ್ದ ರಮ್ಮಿನ ಬಾಟಲಿ ಊರಲ್ಲಿ ಹಂಚುತ್ತಿದ್ದ. ಹಂಚಿದ್ದಕ್ಕೆ ಹೋಟೆಲಿನ ಬೆಂಚಿನಲ್ಲಿ ಜಾಗ, ಪಂಚಾಯ್ತಿಯಲ್ಲಿ ಮಾತು, ಕಂಡವರ ಬಾಯಲ್ಲಿ ಅಣ್ಣ ಎಂಬ ಮರ್ಯಾದೆ.

"ಬಾಟ್ಲು ಇಲ್ದಿದ್ರೆ ಊರಲ್ಲಿ ನನ್ನ ಯಾವನ್ ಮಾತಾಡುಸ್ತಾನೆ ಸಾ?" ಎಂದ.

ಇಷ್ಟಕ್ಕೇ. ಹೆತ್ತ ತಾಯಿಯನ್ನು ಹೊಳೆಗೆಸೆದದ್ದು ನಾಲ್ಕು ಜನ ಕುಡುಕರು ಅಣ್ಣಾ ಎನ್ನಲಿ ಎಂದು. ಅಶೋಕ್ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಬಂದಾಗ ಮೇಜಿನ ಮೇಲೆ ಶ್ರೀರಂಗಪಟ್ಟಣದಿಂದ ಚಿಕ್ಕಯ್ಯ ತಂದ ಮರಣೋತ್ತರ ಪರೀಕ್ಷೆಯ ವರದಿ ಇತ್ತು. ಓದಿದರು. ಇನ್ನೊಮ್ಮೆ ಓದಿದರು.

"ಲೇ, ನಿಮ್ಮವ್ವನ ಶ್ವಾಸಕೋಶದಲ್ಲಿ ಹೊಳೆ ನೀರಿದೆ, ಮರಳಿದೆ. ಸತ್ತವರು ನೀರು ಎಳೆದುಕೊಳ್ಳೋದಿಲ್ಲ. ನೀವು ಹೊಳೆಗೆ ಹಾಕಿದಾಗ ಅವರಿಗೆ ಉಸಿರಿತ್ತು ಕಣ್ಲಾ. ಬರೀ ಪ್ರಜ್ಞೆ ತಪ್ಪಿತ್ತು."

ಪಕ್ಕದ ಕೋಣೆಯಲ್ಲಿ ರಂಜಿತ ಚೀರಿದ್ದು ಕೇಳಿಸಿತು. ಪುಟ್ಟರಾಜು ಬಾಯಿ ತೆರೆದುಕೊಂಡು ಕೂತ. ಅಳುತ್ತಾನೆ ಎಂದುಕೊಂಡರು ಎಲ್ಲರೂ.

"ಅಂಗಾರೆ ಆಸ್ಪತ್ರೆಗ್ ಸೇರ್ಸಿದ್ರೆ ಉಳ್ಕತಿದ್ರಾ ಸಾ?"

"ಉಳೀತಿದ್ದರೇನೋ."

"ಥತ್. ಪೆನ್ಷನ್ನೂ ಬತ್ತಾನೇ ಇರ್ತಿತ್ತು."

ಸಹನಳ ಕೈ ಕೀಲಿಮಣೆಯ ಮೇಲೆ ನಿಂತಿತು. ಅವಳು ಅಶೋಕರ ಕಡೆ ತಿರುಗಿದಳು.

"ಬರೆಯಮ್ಮ," ಎಂದರು ಅವರು. "ಹೇಗೆ ಹೇಳಿದನೋ ಹಾಗೇ ಬರಿ."

ಅದೇ ರಾತ್ರಿ ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು. ವಂಚನೆ ಮತ್ತು ಸಾಕ್ಷ್ಯನಾಶದ ಜೊತೆ ನರಹತ್ಯೆಯ ಆರೋಪವೂ ಸೇರಿತು. ತೊಣ್ಣೂರಿನಿಂದ ಕುಳ್ಳಯ್ಯ ಬಂದು ಹೆಂಡತಿ ಸಣ್ಣತಾಯಮ್ಮನನ್ನು ಕರೆದುಕೊಂಡು ಹೋದ. ಮಗಳನ್ನು ನೋಡುತ್ತೀಯಾ ಎಂದು ಚಿಕ್ಕಯ್ಯ ಕೇಳಿದ್ದಕ್ಕೆ ಅವನು ಬೇಡವೆಂದು ಕೈಯಾಡಿಸಿದ.

ಡಿಎನ್‌ಎ ವರದಿ ಬರುವಷ್ಟರಲ್ಲಿ ಮಾರ್ಚ್ ಆಯಿತು. ತಹಶೀಲ್ದಾರರ ಸಮ್ಮುಖದಲ್ಲಿ ಬೆಟ್ಟಮ್ಮನನ್ನು ಹೊರತೆಗೆಸಿ ಸಿಂಧಘಟ್ಟಕ್ಕೆ ತಂದರು. ಹೊಲದ ಬದುವಿನಲ್ಲಿ ಜವರಯ್ಯನ ಪಕ್ಕ ಗುಂಡಿ ತೋಡಿಸಿದ್ದರು. ಪುಟ್ಟರಾಜು ಹಂಚಿದ ರಮ್ ಕುಡಿದಿದ್ದ ಅಣ್ಣತಮ್ಮಂದಿರೆಲ್ಲ ಬಂದು, ಹತ್ತಿರ ಬರಲಾರದೆ ದೂರದಲ್ಲೇ ನಿಂತಿದ್ದರು. ಅವರಲ್ಲೊಬ್ಬ ಹಿರಿಯ, ಮೊದಲ ಮಣ್ಣು ಮಗನೇ ಹಾಕಬೇಕು, ಜೈಲಿನಿಂದ ಒಂದು ಗಳಿಗೆ ಕರೆಸೋಕೆ ಆಗಲ್ವಾ ಎಂದು ಅಶೋಕರನ್ನು ಕೇಳಿದ.

ಅವರು ಉತ್ತರಿಸುವ ಮೊದಲೇ ಪ್ರಮೀಳಾ ಸೆರಗು ಕಟ್ಟಿಕೊಂಡು ಗುಂಡಿಯ ಹತ್ತಿರ ಬಗ್ಗಿದ್ದಳು.

"ಮಗ ನೀರಿಗಾಕಾಯ್ತು. ಮಣ್ಣ ನಾನಾಕ್ತೀನಿ," ಎಂದಳು.

ಅವಳು ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು ನಿಧಾನವಾಗಿ ಹಾಕಿದಳು.